ಕಡಲಿಲ್ಲದ ಬಂದರು

ದಕ್ಷಿಣ ಲಂಡನ್ನಿನ ಟೂಟಿಂಗ್ ಬ್ರಾಡ್‌ವೇ ಟ್ಯೂಬ್ ಸ್ಟೇಷನ್ನಿನಿಂದ ಹೊರಗೆ ಬಂದವರಿಗೆ ಮೊದಲು ಎದುರಾಗುವವನು ಏಳನೆಯ ಎಡ್ವರ್ಡ್ ದೊರೆ. ಪ್ರತಿಮೆಯಾಗಿ ನಿಂತು ಬಸ್ಸಿಗೆ ಕಾಯುವವರನ್ನು ನೋಡುತ್ತಿರುತ್ತಾನೆ. ಅಲ್ಲಿಂದ ಮಿಚಮ್ ರಸ್ತೆಗೆ ತಿರುಗಿ ಸ್ವಲ್ಪ ನಡೆದರೆ ಇಟಲಿ ಸಿಗುತ್ತದೆ. ಎತ್ತರದ ಕಂಬಗಳ ಬಿಳಿ ಕಟ್ಟಡ. ಒಳಗೆ ವೆನಿಸ್ಸಿನ ಅರಮನೆಗಳ ಚೂಪು ಕಮಾನುಗಳು, ಕನ್ನಡಿಗಳ ಉದ್ದನೆಯ ಓಣಿ. 1931ರಲ್ಲಿ ಗ್ರನಾಡಾ ಸಿನಿಮಾ ಮಂದಿರವೆಂದು ಬಾಗಿಲು ತೆರೆದ ಇದರ ಒಳಾಂಗಣವನ್ನು ಕಲ್ಪಿಸಿದವನು ಥಿಯೊಡೋರ್ ಕೋಮಿಸಾರ್ಜೆವ್‌ಸ್ಕಿ ಎಂಬ ರಷ್ಯನ್ ರಂಗನಿರ್ದೇಶಕ. ಹುಟ್ಟಿದ್ದು ವೆನಿಸ್ಸಿನಲ್ಲಿ. ಮೂರು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಈ ಮಂದಿರದಲ್ಲಿ, ಇಟಲಿಗೆ ಹೋಗಿಬರುವ ಕಾಸಿಲ್ಲದ ದಕ್ಷಿಣ ಲಂಡನ್ನಿನ ಗುಮಾಸ್ತರೂ ಕೂಲಿಗಳೂ ಚಿಲ್ಲರೆ ಕೊಟ್ಟು ಒಂದು ಸಂಜೆಯ ಮಟ್ಟಿಗೆ ವೆನಿಸ್ಸಿನಲ್ಲಿ ಕೂತು ಬರುತ್ತಿದ್ದರು. 1973ರಲ್ಲಿ ಸಿನಿಮಾ ನಿಂತಿತು. ಆಮೇಲೆ ಅಲ್ಲಿ ಬಿಂಗೊ ಆಟ ಶುರುವಾಯಿತು. ಈಗ ಅದು ಇಂಗ್ಲೆಂಡಿನ ಪ್ರಥಮ ದರ್ಜೆಯ ಸಂರಕ್ಷಿತ ಕಟ್ಟಡ.

ಅದೇ 1973ರಲ್ಲಿ, ಅಲ್ಲಿಂದ ಸ್ವಲ್ಪ ದೂರದ ಟೂಟಿಂಗ್ ಹೈಸ್ಟ್ರೀಟ್‌ನಲ್ಲಿ ‘ಶ್ರೀಕೃಷ್ಣ’ ಎಂಬ ಹೋಟೆಲು ತೆರೆಯಿತು. ಉಡುಪಿಯ ಕೃಷ್ಣನಲ್ಲ, ಕೇರಳದವರ ಕೃಷ್ಣ. ದೋಸೆ, ಸಾಂಬಾರು, ಮೀನು ಸಾರು. ಸುಣ್ಣಗಾರೆಯ ವೆನಿಸ್ ಬಾಗಿಲು ಹಾಕಿಕೊಂಡ ವರ್ಷವೇ ಟೂಟಿಂಗ್ ನಿಜವಾದ ಬಂದರಾಗತೊಡಗಿತು ಎಂದರೆ ಆಕ್ಷೇಪ ಬರಬಹುದು. ಇಲ್ಲಿ ಕಡಲೆಲ್ಲಿದೆ? ಥೇಮ್ಸ್ ನದಿ ಕೂಡ ಕೆಲವು ಮೈಲಿ ಆಚೆಗೆ. ಆದರೂ ಇಟಲಿಯ ಬಂದರು ಊರಿಗೆ ಉಣ್ಣಲೆಂದೇ ಹೋಗುವ ಪ್ರವಾಸಿ ಅಲ್ಲಿ ಏನನ್ನು ಹುಡುಕುತ್ತಾನೋ ಅದು ಇಲ್ಲಿ ಸಿಗುತ್ತದೆ. ಅವನು ತಪ್ಪಾಗಿ ಹುಡುಕುವುದೇನು ಎನ್ನುವುದಕ್ಕೂ ಇಲ್ಲಿ ಉತ್ತರವಿದೆ.

ಪಲೆರ್ಮೊ ನಗರವನ್ನೇ ತೆಗೆದುಕೊಳ್ಳಬಹುದು. ಸಿಸಿಲಿ ದ್ವೀಪದ ಈ ರಾಜಧಾನಿಗೆ ಗ್ರೀಕರು ಇಟ್ಟ ಹೆಸರು ಪನೋರ್ಮೊಸ್, ಎಂದರೆ ಊರೆಲ್ಲ ಬಂದರೇ. ಬಲ್ಲರೋ ಸಂತೆಯಲ್ಲಿ ವ್ಯಾಪಾರಿಗಳು ಹಾಡಿನ ಹಾಗೆ ಕೂಗುತ್ತಾರೆ. ಕಡಲೆಹಿಟ್ಟನ್ನು ಕಾಯಿಸಿ, ತೆಳ್ಳಗೆ ಹರಡಿ, ಕೊಯ್ದು, ಎಣ್ಣೆಯಲ್ಲಿ ಕರಿದ ‘ಪನೆಲ್ಲೆ’ಯನ್ನು ಬನ್ನಿನೊಳಗಿಟ್ಟು ಕೊಡುತ್ತಾರೆ, ಕನ್ನಡದ ನಾಲಗೆಗೆ ಅದು ಬಜ್ಜಿಯ ಸೋದರ, ಮುಂಬೈಯ ವಡಾಪಾವಿನ ದಾಯಾದಿ. ಅನ್ನದೊಳಗೆ ಹೂರಣ ತುಂಬಿ ಉಂಡೆ ಕಟ್ಟಿ ಕರಿದದ್ದು ‘ಅರಂಚಿನಾ’. ಈ ಉಂಡೆಯ ಹೆಸರು ಸ್ತ್ರೀಲಿಂಗವೋ ಪುಲ್ಲಿಂಗವೋ ಎಂದು ಪಲೆರ್ಮೊದವರಿಗೂ ಕತಾನಿಯಾದವರಿಗೂ ಎಂದೂ ಮುಗಿಯದ ಜಗಳವಿದೆ. ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಮನೆ ಮುರಿಯುವಷ್ಟು ಜಗಳವಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಲೆರ್ಮೊಗೆ ಹೋಗುವವನ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ, ಅದರ ತಲೆಬರಹ ‘ಅಸಲಿ ಸಿಸಿಲಿ ಊಟ’. ಆ ಅಸಲನ್ನು ಬಿಡಿಸಿ ನೋಡಿದರೆ ತಮಾಷೆ ಶುರುವಾಗುತ್ತದೆ. ‘ಕಪೊನಾತಾ’ ಎಂಬ ಹುಳಿಸಿಹಿ ಪಲ್ಯದ ಜೀವ ಬದನೆಕಾಯಿ. ಅದು ಭಾರತದ ಕಡೆಯಿಂದ ಅರಬ್ಬರ ಕೈಹಿಡಿದು ಅಲ್ಲಿಗೆ ಹೋದ ಕಾಯಿ. ಅದೇ ಪಲ್ಯದ ಟೊಮೆಟೊ ಸ್ಪೇನಿನವರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದು. ಸಕ್ಕರೆ, ಕಿತ್ತಳೆ, ನಿಂಬೆಗಳ ಬೇಸಾಯ ಬೆಳೆದದ್ದು ಒಂಬತ್ತನೆಯ ಶತಮಾನದಲ್ಲಿ ಸಿಸಿಲಿ ಮುಸ್ಲಿಮರ ವಶವಾದ ಮೇಲೆ. ಪಾಸ್ತಾ ಆದರೂ ಇಟಲಿಯದೇ ಅಲ್ಲವೇ ಎಂದರೆ, ಒಣಗಿಸಿದ ಪಾಸ್ತಾ ಇಟಲಿಯಲ್ಲಿ ತಯಾರಾಗುತ್ತಿತ್ತು ಎನ್ನುವುದಕ್ಕೆ ಸಿಗುವ ಮೊದಮೊದಲ ದಾಖಲೆಯೇ ಅರಬ್ಬಿಯಲ್ಲಿದೆ. ನಾರ್ಮನ್ ದೊರೆ ಎರಡನೆಯ ರೋಜರನ ಆಸ್ಥಾನದಲ್ಲಿ ಭೂಗೋಳ ಬರೆದ ಅಲ್ ಇದ್ರೀಸಿ, ಪಲೆರ್ಮೊ ಪಕ್ಕದ ತ್ರಾಬಿಯಾ ಎಂಬ ಊರಿನಲ್ಲಿ ‘ಇತ್ರಿಯ್ಯಾ’ ಮಾಡಿ ಹಡಗು ತುಂಬಿ ಕಳಿಸುತ್ತಾರೆಂದು 1154ರಲ್ಲಿ ದಾಖಲಿಸಿದ. ಹಡಗಿಗೆ ಹೇರಲು ಒಣಗಿಸಬೇಕಿತ್ತು, ಒಣಗಿಸಿದ್ದರಿಂದ ಅದು ಪಾಸ್ತಾ ಆಯಿತು.

ಇಷ್ಟಾದ ಮೇಲೆ ‘ಅಸಲಿ’ ಎನ್ನುವ ಮಾತಿಗೆ ಅರ್ಥವೇ ಇಲ್ಲ ಎಂದು ತೀರ್ಮಾನಿಸುವುದು ಸುಲಭ, ಆದರೆ ಆತುರದ್ದು. ಅಸಲಿತನವನ್ನು ಕಾಯುವ ಕಾನೂನುಗಳಿಗೆ ಉಪಯೋಗವಿದೆ. ಕಡಲಂಚಿನ ಮಟ್ಟು ಗ್ರಾಮದ ಬದನೆ ‘ಮಟ್ಟುಗುಳ್ಳ’ಕ್ಕೂ ಬ್ಯಾಡಗಿ ಮೆಣಸಿನಕಾಯಿಗೂ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಎಲ್ಲಿಯದೋ ಮೆಣಸಿನಕಾಯಿಗೆ ಬ್ಯಾಡಗಿ ಚೀಟಿ ಹಚ್ಚಿ ಮಾರುವವನನ್ನು ತಡೆಯಲು ಬೆಳೆಗಾರನಿಗೆ ಒಂದು ಆಧಾರವಾಯಿತು. ಒಳ್ಳೆಯದೇ. ಆದರೆ ಬ್ಯಾಡಗಿಯ ಕೆಂಪು ಕೂಡ ಅಮೆರಿಕದ್ದು, ಪೋರ್ಚುಗೀಸರ ಹಡಗಿನದು. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದಾಗ ಕನ್ನಡ ನಾಡಿನ ಅಡಿಗೆಮನೆಗಳಿಗೆ ಒಣಮೆಣಸಿನಕಾಯಿ ಇನ್ನೂ ಬಂದಿರಲಿಲ್ಲ. ಖಾರವೆಂದರೆ ಕಾಳುಮೆಣಸು, ಶುಂಠಿ. ಗುರುತಿನ ಚೀಟಿ ರೈತನನ್ನು ಕಾಯುತ್ತದೆ. ಪ್ರವಾಸಿ ಅದನ್ನು ತಟ್ಟೆಗೂ ಅಂಟಿಸಲು ಹೊರಟಾಗ ಮಾತ್ರ ಎಡವಟ್ಟಾಗುತ್ತದೆ.

ಮಂಗಳೂರಿನ ಉದಾಹರಣೆ ಇನ್ನೂ ಹತ್ತಿರದ್ದು. ಬ್ಯಾರಿಗಳ ಪತ್ತಿರಿ, ಕೊಂಕಣಿ ಕ್ರೈಸ್ತರ ಸನ್ನಾ, ಬಂಟರ ಕೋರಿರೊಟ್ಟಿ, ಗೌಡ ಸಾರಸ್ವತರ ದಾಳಿತೋವೆ, ಹೋಟೆಲಿನ ಗೋಳಿಬಜೆ, ಬಾಳೆಹಣ್ಣು ಕಲಸಿದ ಬನ್ಸು. ಇವು ಒಂದೇ ಊರಿನಲ್ಲಿ ಒಟ್ಟಿಗೆ ಬದುಕುವುದು ಯಾವುದೋ ಉದಾರ ತತ್ತ್ವದ ಫಲವಲ್ಲ. ಬಂದರಿಗೆ ಬಂದವರಲ್ಲಿ ಕೆಲವರು ಉಳಿದರು, ಅಷ್ಟೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ಇದ್ದ. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಅವನನ್ನೂ ಅವನ ಆಳು ಬೊಮ್ಮನನ್ನೂ ಮತ್ತೆ ಬೆಳಕಿಗೆ ತಂದರು. ಬೆನ್ ಯಿಜುವಿನ ತವರು ಇಂದಿನ ಟ್ಯುನೀಷಿಯದ ಮಹದಿಯಾ. ಆ ಊರನ್ನು ಸಿಸಿಲಿಯ ನಾರ್ಮನ್ನರು 1148ರಲ್ಲಿ ಗೆದ್ದ ಮೇಲೆ ಅವನ ಅಣ್ಣತಮ್ಮಂದಿರ ಮನೆಯವರು ಸೇರಿದ್ದು ಅದೇ ಸಿಸಿಲಿಗೆ, ಮಜಾರಾ ಊರಿಗೆ. ಮುಂದೆ, ಮಲಬಾರಿನ ತಾಯಿಗೆ ಹುಟ್ಟಿದ ಅವನ ಮಗಳನ್ನು ಮಜಾರಾದಿಂದ ಬಂದ ಸೋದರನ ಮಗ ಈಜಿಪ್ಟಿನಲ್ಲಿ ಮದುವೆಯಾದ. ಇಸವಿ 1156. ಇದ್ರೀಸಿ ಪಾಸ್ತಾದ ಬಗ್ಗೆ ಬರೆದು ಎರಡು ವರ್ಷ ಕಳೆದಿತ್ತು. ಕರಾವಳಿಗೂ ಸಿಸಿಲಿಗೂ ನಂಟಸ್ತಿಕೆ ಅಷ್ಟು ಹಳೆಯದು. ಆ ಮದುವೆಯ ಊಟದಲ್ಲಿ ಯಾರ ಕೈಯಡಿಗೆ ಇತ್ತೋ.

ಈಗ ಹಡಗುಗಳು ಬರುವುದಿಲ್ಲವೇ? ಬರುತ್ತವೆ, ಹಿಂದಿಗಿಂತ ದೊಡ್ಡವು. ಆದರೆ ಅವು ಊರಿಗೆ ಬರುವುದಿಲ್ಲ. ಮಂಗಳೂರಿನ ಹೊಸ ಬಂದರು 1970ರ ದಶಕದಲ್ಲಿ ಎದ್ದದ್ದು ಪೇಟೆಯಿಂದ ದೂರ, ಪಣಂಬೂರಿನಲ್ಲಿ. ಲಂಡನ್ನಿನ ರಾಯಲ್ ಡಾಕ್ಸ್ 1981ರಲ್ಲಿ ಮುಚ್ಚಿದವು. ಕಂಟೇನರ್ ಹಡಗಿನಲ್ಲಿ ಇರುವವರೇ ಇಪ್ಪತ್ತು ಚಿಲ್ಲರೆ ಜನ, ಸರಕನ್ನು ಕ್ರೇನ್ ಎತ್ತಿ ಇಳಿಸುವ ಕೆಲವು ಗಂಟೆಗಳಲ್ಲಿ ದಡಕ್ಕೆ ಕಾಲಿಡುವ ಪುರಸೊತ್ತೂ ಅವರಿಗಿರುವುದಿಲ್ಲ. ಹಸಿದ ನಾವಿಕ, ವಾರಗಟ್ಟಲೆ ಗಾಳಿ ಕಾಯುತ್ತ ಕೂತ ವರ್ತಕ, ಮೂಟೆ ಹೊರುವ ಕೂಲಿ ಎಲ್ಲರೂ ಬಂದರಿನಿಂದ ಮಾಯವಾಗಿದ್ದಾರೆ. ಬಂದರು ಊರುಗಳ ಅಡಿಗೆಯನ್ನು ಕಟ್ಟಿದವರೇ ಅವರು. ಅವರ ಕೆಲಸವನ್ನು ಈಗ ಮಾಡುತ್ತಿರುವವರು ವಿಮಾನದಲ್ಲಿ ಇಳಿದು, ಬಾಡಿಗೆ ಕಡಿಮೆಯಿರುವ, ಟ್ಯೂಬ್ ಹತ್ತಿರವಿರುವ ಬಡಾವಣೆ ಹುಡುಕಿಕೊಂಡು ಹೋದವರು. ಬಂದರು ಹೋಗಿ ಬಡಾವಣೆಯಲ್ಲಿ ಕೂತಿದೆ.

ಟೂಟಿಂಗ್‌ಗೆ ಹೊರಗಿನವರನ್ನು ಒಳಗೊಳ್ಳುವ ಈ ಅಭ್ಯಾಸ ಹೊಸದೇನಲ್ಲ. ಅದರ ಹೈಸ್ಟ್ರೀಟ್ ಗೆರೆ ಎಳೆದ ಹಾಗೆ ನೇರವಾಗಿರುವುದಕ್ಕೆ ಕಾರಣ ರೋಮನ್ನರು. ಲಂಡನ್ನಿನಿಂದ ದಕ್ಷಿಣ ಕರಾವಳಿಯ ಬಳಿಯ ಚಿಚೆಸ್ಟರಿಗೆ ಅವರು ಹಾಕಿದ ಸ್ಟೇನ್ ಸ್ಟ್ರೀಟ್ ಇದೇ. ಪಕ್ಕದ ಟೂಟಿಂಗ್ ಬೆಕ್‌ನ ‘ಬೆಕ್’ ಬಂದದ್ದು ಫ್ರಾನ್ಸಿನ ನಾರ್ಮಂಡಿಯ ಒಂದು ಮಠದಿಂದ. ಅದೇ ನಾರ್ಮನ್ನರ ನೆಂಟರು ಸಿಸಿಲಿಯನ್ನೂ ಆಳಿದರು. 1926ರಲ್ಲಿ ಟ್ಯೂಬ್ ರೈಲು ಬಂತು. 1930ರಲ್ಲಿ ಟೂಟಿಂಗ್ ಮಾರ್ಕೆಟ್, 1936ರಲ್ಲಿ ಬ್ರಾಡ್‌ವೇ ಮಾರ್ಕೆಟ್, ಎರಡೂ ಸೂರಿನಡಿಯ ಸಂತೆಗಳು, ಒಂದರ ಪಕ್ಕ ಒಂದು. 1972ರಲ್ಲಿ ಇದಿ ಅಮೀನ್ ಏಷ್ಯನ್ನರಿಗೆ ತೊಂಬತ್ತು ದಿನಗಳ ಗಡುವು ಕೊಟ್ಟಾಗ ಸುಮಾರು ಇಪ್ಪತ್ತೇಳು ಸಾವಿರ ಜನ ಉಗಾಂಡ ಬಿಟ್ಟು ಬ್ರಿಟನ್ನಿಗೆ ಬಂದರು. ಟೂಟಿಂಗ್‌ನಲ್ಲೂ ಗುಜರಾತಿಗಳು ನೆಲೆಸಿದರು. 1983ರ ಜುಲೈಯ ತಮಿಳು ವಿರೋಧಿ ಗಲಭೆಯ ಬಳಿಕ ಶ್ರೀಲಂಕಾದ ತಮಿಳರು ಗುಂಪುಗುಂಪಾಗಿ ಹೊರಟರು, ಬಹಳ ಮಂದಿ ಲಂಡನ್ನಿಗೆ. ಕೆಲವರು ಪಲೆರ್ಮೊಗೂ ಹೋದರು. ಇವತ್ತಿಗೂ ಅಲ್ಲಿನ ತಮಿಳು ಹಿಂದೂಗಳು ಊರ ಕಾಯುವ ಸೇಂಟ್ ರೊಸಾಲಿಯಾಳ ಗುಹೆಗೆ ಬರಿಗಾಲಲ್ಲಿ ಬೆಟ್ಟ ಹತ್ತಿ ಹರಕೆ ಒಪ್ಪಿಸುತ್ತಾರೆ. ಒಂದೇ ದ್ವೀಪದಿಂದ ಹೊರಟವರು ಇಟಲಿಯ ಬಂದರಿನಲ್ಲೂ ಕಡಲಿಲ್ಲದ ಟೂಟಿಂಗ್‌ನಲ್ಲೂ ಬೇರು ಬಿಟ್ಟಿದ್ದಾರೆ.

ಹಾಗಾಗಿ ಹೈಸ್ಟ್ರೀಟಿನಲ್ಲಿ ಮೂಗು ಹೇಳಿದ ದಾರಿ ಹಿಡಿದರೆ ಒಂದು ಕಡೆ ಒಗ್ಗರಣೆಯ ಕರಿಬೇವು, ಇನ್ನೊಂದು ಕಡೆ ಲಾಹೋರಿನವರ ಕಡಾಯಿ, ಮತ್ತೊಂದು ಕಡೆ ಕಾವಲಿಯ ಮೇಲೆ ಪರೋಟವನ್ನು ಎರಡು ಕೈಯಲ್ಲಿ ಟಕಟಕ ಕೊಚ್ಚುವ ಕೊತ್ತು ರೊಟ್ಟಿಯ ಸದ್ದು. ಅಂಗಡಿಗಳ ಎದುರು ನುಗ್ಗೆಕಾಯಿ, ಬಾಳೆಕಾಯಿ, ಹಾಗಲಕಾಯಿ ಗುಡ್ಡೆ. ಲಂಡನ್ನಿನ ಬೇರೆ ಮೂಲೆಯಲ್ಲಿರುವ ಕನ್ನಡ ಮನೆಯವರು ಸಾರಿನಪುಡಿ ಬೆಂಗಳೂರಿನಿಂದ ತಂದಿಟ್ಟುಕೊಂಡರೂ ತೆಂಗಿನಕಾಯಿ ಕರಿಬೇವಿಗೆ ಇಂಥ ಬೀದಿಗಳನ್ನೇ ನೆಚ್ಚುತ್ತಾರೆ.

ಇಲ್ಲಿಗೆ ಬರುವ ಕನ್ನಡದ ಪ್ರವಾಸಿಗಳಲ್ಲಿ ಒಂದು ಜಾತಿಯವರು ಎಲ್ಲರಿಗೂ ಪರಿಚಿತರು. ಮಗನ ಮನೆಗೋ ಮಗಳ ಬಾಣಂತನಕ್ಕೋ ಆರು ತಿಂಗಳ ವೀಸಾದಲ್ಲಿ ಬಂದ ಹಿರಿಯರು. ಮಸಾಲೆದೋಸೆಯ ಮೊದಲ ತುತ್ತಿಗೇ ತೀರ್ಪು ಹೊರಡುತ್ತದೆ: “ಗರಿಗರಿ ಏನೋ ಇದೆ ಕಣಪ್ಪಾ, ವಿದ್ಯಾರ್ಥಿ ಭವನದ್ದರ ಹಾಗಿಲ್ಲ. ಸಾಂಬಾರಿಗೆ ಬೆಲ್ಲವೇ ಹಾಕಿಲ್ಲವಲ್ರೀ ಇವರು.” ಈ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಪ್ರಶ್ನೆಯೇ ತಪ್ಪು. ಆ ಸಾಂಬಾರು ವಿದ್ಯಾರ್ಥಿ ಭವನವಿರುವ ಬೆಂಗಳೂರಿನ ಗಾಂಧಿ ಬಜಾರಿನ ನೆನಪನ್ನು ಕಾಪಾಡಲು ಕುದಿಯುತ್ತಿಲ್ಲ. ಅದು ಮಲಯಾಳಿ ನಾಲಗೆಗೆ, ಜಾಫ್ನಾದ ನಾಲಗೆಗೆ, ದೋಸೆಯನ್ನು ತನ್ನ ಬೀದಿಯದೇ ಎಂದುಕೊಂಡು ಬೆಳೆದ ಬಿಳಿಯ ಹುಡುಗನ ನಾಲಗೆಗೆ ಕುದಿಯುತ್ತಿರುವುದು. ಕನ್ನಡಿಗರಿಗೆ ಕೊಂಚ ನೋಯುವ ವಿಷಯವೂ ಇದೆ: ಫಲಕದ ಮೇಲಿನ ‘ಸೌತ್ ಇಂಡಿಯನ್’ ಎಂಬ ಮಾತಿನಲ್ಲಿ ಕರ್ನಾಟಕದ ಪಾಲು ಕಾಣದು. ಕೇರಳ, ತಮಿಳುನಾಡು, ಜಾಫ್ನಾಗಳ ನಡುವೆ ಉಡುಪಿ ಕರಗಿಹೋಗಿದೆ.

ಆ ದೂರನ್ನು ಹೇಳುವ ಮುಂಚೆ ಉಡುಪಿಯ ಕತೆಯನ್ನೇ ನೆನಪಿಸಿಕೊಳ್ಳುವುದು ನ್ಯಾಯ. ಮುಂಬೈಯ ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು ಉಡುಪಿಯ ಪಾಕವನ್ನು ಜಗತ್ತಿಗೆ ತೋರಿಸುವುದಕ್ಕಲ್ಲ. ಊರು ಬಿಟ್ಟು ಬಂದ ದಕ್ಷಿಣದ ಗುಮಾಸ್ತರಿಗೆ, ಬ್ರಹ್ಮಚಾರಿಗಳಿಗೆ ಅನ್ನ ಬೇಕಿತ್ತು. ಮದ್ರಾಸಿನಲ್ಲಿ ಕಡಂದಲೆಯ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟಿದಾಗ ಅಲ್ಲಿನ ಗಿರಾಕಿಗಳ ರುಚಿ ನೋಡಿಕೊಂಡೇ ಕಟ್ಟಿದರು. ಮುಂದೆ ಆ ಹೆಸರು ಲಂಡನ್ನಿಗೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿದೆವು ಎಂದು ಬೆಂಗಳೂರಿನ ಎಂಟಿಆರ್ ಹೇಳಿಕೊಳ್ಳುತ್ತದೆ. ಕೊರತೆಯಿಂದ ಹುಟ್ಟಿದ ಆ ತಿಂಡಿ ಇಂದು ‘ಅಸಲಿ ಬೆಂಗಳೂರು’. ಎಲ್ಲ ಕಡೆಯೂ ಒಲೆಯ ಎದುರು ಕೂತವರ ಹಸಿವೇ ಅಡಿಗೆಯನ್ನು ತಿದ್ದಿದೆ.

ಇಲ್ಲಿಂದ ಪ್ರವಾಸಿಗೆ ಒಂದು ಉಪಯೋಗದ ಅಳತೆಗೋಲು ಸಿಗುತ್ತದೆ. ಇದು ಅಸಲಿಯೋ ಎಂದು ಕೇಳುವ ಬದಲು, ಈ ಒಲೆ ಯಾರಿಗಾಗಿ ಉರಿಯುತ್ತಿದೆ ಎಂದು ನೋಡಬೇಕು. ವಾರದ ಮಧ್ಯೆ, ಮಧ್ಯಾಹ್ನ, ಊರಿನವರೇ ಸಾಲು ನಿಂತಿದ್ದಾರೆಯೇ? ಟೂಟಿಂಗ್‌ನಲ್ಲಿ ಸೇಂಟ್ ಜಾರ್ಜ್ಸ್ ಎಂಬ ಬೃಹತ್ ಆಸ್ಪತ್ರೆ ಇದೆ, ಪಾಳಿ ಮುಗಿಸಿದವರಿಗೆ ಬಿಸಿ ಊಟ ಬೇಕು, ಅದೂ ಕೈಗೆಟುಕುವ ಬೆಲೆಗೆ. ಇಂಥ ಗಿರಾಕಿ ಬಾಣಸಿಗನಿಗೆ ಸುಳ್ಳು ಹೇಳಲು ಬಿಡುವುದಿಲ್ಲ. ನಾಳೆಯೂ ಬರುವವನು ಅವನು. ಪ್ರವಾಸಿಯಾದರೋ ಒಂದೇ ಸಲ ಬರುವವನು. ಅವನಿಗೆ ನಿನ್ನೆಯ ಸಾಂಬಾರನ್ನು ಹಾಕಿದರೂ ‘ಅನುಭವ’ ಎಂದು ಫೋಟೊ ಹೊಡೆದುಕೊಂಡು ಹೋಗುತ್ತಾನೆ.

ಈ ವಾದಕ್ಕೆ ಒಂದು ಗಟ್ಟಿ ಪ್ರತಿವಾದವಿದೆ. ಊರಿನವರು ತಿನ್ನುವಲ್ಲಿ ತಿನ್ನಬೇಕು ಎಂದು ಎಲ್ಲ ಪ್ರವಾಸಿಗಳೂ ಹೊರಟರೆ ಆ ಜಾಗ ಊರಿನವರಿಗೆ ಉಳಿಯುವುದೇ? ಪಲೆರ್ಮೊದ ವುಚ್ಚಿರಿಯಾ ಸಂತೆಯ ಗತಿ ನೋಡಬಹುದು. ರೆನಾತೊ ಗುತ್ತೂಸೊ 1974ರಲ್ಲಿ ಆ ಸಂತೆಯನ್ನು ಮಾಂಸ, ಮೀನು, ಹಣ್ಣುಗಳಿಂದ ಕಿಕ್ಕಿರಿದ ದೊಡ್ಡ ಚಿತ್ರವಾಗಿ ಬರೆದ. ಇಂದು ಚಿತ್ರ ತುಂಬಿದೆ, ಸಂತೆ ಖಾಲಿಯಾಗುತ್ತ ಬಂದಿದೆ. ರಾತ್ರಿಯಾದರೆ ಕುಡಿಯಲು ಬರುವವರ ಗದ್ದಲ. 2017ರಲ್ಲಿ ಪ್ರವಾಸ ಮಾರ್ಗದರ್ಶಿ ಲೋನ್ಲಿ ಪ್ಲಾನೆಟ್ ಯುರೋಪಿನ ಹತ್ತು ‘ಕೂಲ್’ ಬಡಾವಣೆಗಳ ಪಟ್ಟಿಯಲ್ಲಿ ಟೂಟಿಂಗ್‌ನ ಹೆಸರು ಸೇರಿಸಿದಾಗ ಅಲ್ಲಿನವರಲ್ಲಿ ನಕ್ಕವರು ಇದ್ದರು, ಬಾಡಿಗೆಯ ಲೆಕ್ಕ ಹಾಕಿದವರೂ ಇದ್ದರು. ಎರಡು ಮಾರ್ಕೆಟ್ಟುಗಳಲ್ಲಿ ಬಟ್ಟೆ, ತರಕಾರಿ, ಮೀನಿನ ಹಳೆಯ ಮಳಿಗೆಗಳ ನಡುವೆ ಕಾಕ್‌ಟೇಲ್, ಪಿಜ್ಜಾಗಳ ಮಳಿಗೆಗಳು ಬಂದವು. ಕ್ರಾಸ್‌ರೈಲ್ 2 ಎಂಬ ರೈಲು ಯೋಜನೆಯ ನಿಲ್ದಾಣ ಇಲ್ಲಿ ಬರಬೇಕೋ ಪಕ್ಕದ ಬಾಲಂನಲ್ಲೋ ಎಂಬ ಚರ್ಚೆ ವರ್ಷಗಟ್ಟಲೆ ಎಳೆದು, 2020ರಲ್ಲಿ ಯೋಜನೆಯೇ ಕಪಾಟು ಸೇರಿದಾಗ, ತಮ್ಮ ಜಾಗ ಉಳಿಯುತ್ತದೋ ಇಲ್ಲವೋ ಎಂದು ಕಾದಿದ್ದ ಮಾರ್ಕೆಟ್ಟಿನವರಿಗೆ ಒಂದಷ್ಟು ಕಾಲ ಉಸಿರಾಡಲು ಸಿಕ್ಕಿತು.

ಈ ಪ್ರತಿವಾದ ಸುಳ್ಳಲ್ಲ. ಆದರೆ ಅದರ ಗುರಿ ಪ್ರವಾಸಿಯ ಹೊಟ್ಟೆಯ ಕಡೆಗಿದೆ. ಇರಬೇಕಾದದ್ದು ಜಾಗದ ಒಡೆಯನ ಕಡೆಗೆ. ಹತ್ತು ಜನ ಹೊಸಬರು ದೋಸೆ ತಿಂದರೆ ಹೋಟೆಲು ಕೆಡುವುದಿಲ್ಲ. ಹತ್ತು ಜನ ಹೊಸಬರು ಬಂದರೆಂದು ಬಾಡಿಗೆ ದುಪ್ಪಟ್ಟಾದರೆ ಕೆಡುತ್ತದೆ. ಆಗ ಅಗ್ಗದ ಊಟ ಕೊಡುವವನು ಮೊದಲು ಹೊರಬೀಳುತ್ತಾನೆ, ಅವನ ಹಿಂದೆ ಅವನನ್ನು ನೆಚ್ಚಿದ ಪಾಳಿಯ ಕೆಲಸದವರು. ಉಳಿಯುವುದು ಬಂದರಿನ ವೇಷ ಹಾಕಿದ ಅಲಂಕಾರ. ಗ್ರನಾಡಾದ ಕಮಾನುಗಳ ಹಾಗೆ. ಕೋಮಿಸಾರ್ಜೆವ್‌ಸ್ಕಿಯಾದರೂ ತನ್ನದು ಬಣ್ಣ ಬಳಿದ ನಾಟಕ ಎನ್ನುವುದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಉಣ್ಣುವ ಪ್ರವಾಸಿ ಹೇಗಿರಬಹುದು ಎನ್ನುವುದಕ್ಕೆ ಕನ್ನಡ ಕರಾವಳಿಯಲ್ಲೇ ಒಬ್ಬ ಇಟಲಿಯವನ ಮಾದರಿ ಇದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಸಿರಿವಂತ 1614ರಲ್ಲಿ ವೆನಿಸ್ ಬಂದರಿನಿಂದ ಹೊರಟು, ಪರ್ಶಿಯಾ ಸುತ್ತಿ, 1623ರಲ್ಲಿ ಗೋವೆಯ ರಾಯಭಾರಿಗಳ ಜೊತೆ ಇಕ್ಕೇರಿಗೆ ಬಂದ. ಅಲ್ಲಿಂದ ಮಂಗಳೂರಿಗೆ. ಕದ್ರಿಯ ಜೋಗಿಗಳ ಅರಸನನ್ನು ಕಂಡ. ಉಳ್ಳಾಲದ ರಾಣಿ ಅಬ್ಬಕ್ಕನನ್ನು ಬರಿಗಾಲಲ್ಲಿ ನಿಂತು ನೀರಿನ ಕಾಲುವೆ ಕೆಲಸ ನೋಡಿಕೊಳ್ಳುವಾಗ ದಾರಿಯಲ್ಲೇ ಭೇಟಿಯಾದ. ಇದೆಲ್ಲವನ್ನೂ ಇನ್ನೊಂದು ಬಂದರು ಊರಾದ ನೇಪಲ್ಸಿನಲ್ಲಿದ್ದ ಗೆಳೆಯ ಮಾರಿಯೊ ಸ್ಕಿಪಾನೊಗೆ ಕಾಗದ ಬರೆದು ತಿಳಿಸಿದ. ರಾಣಿಯ ಮಗ ಅವನಿಗೆ ಊಟಕ್ಕೆ ಹಾಕಿದ್ದೂ ಆ ಕಾಗದದಲ್ಲಿದೆ: ಬಾಳೆಲೆ, ಅದರ ಮೇಲೆ ಅನ್ನ, ಬೆಣ್ಣೆ, ಸುತ್ತ ವ್ಯಂಜನಗಳು. ಇಟಲಿಯ ಸಿರಿವಂತ ಮನೆತನದವನು ಊಟಕ್ಕೆ ಕೈ ಹಾಕದೆ ತನ್ನ ಫೋರ್ಕನ್ನು ತೆಗೆದ. ಎಲೆಯ ಮೇಲಿನ ಅನ್ನವನ್ನು ಬೆಳ್ಳಿಯ ಮುಳ್ಳಿನಲ್ಲಿ ತಿನ್ನುವ ಆ ವೈಖರಿ ನೋಡಿ ರಾಣಿಯ ಮಗನೂ ಪರಿವಾರವೂ ಬೆರಗಾಗಿ, ಇವನು ‘ದೇವರು’ ಎಂದು ಉದ್ಗರಿಸಿದರೆಂದು ಬರೆಯುತ್ತ ಆ ಕನ್ನಡ ಶಬ್ದವನ್ನೇ ಇಟಾಲಿಯನ್ ಕಾಗದದೊಳಗೆ ಕೂರಿಸಿದ್ದಾನೆ. ಅವನಿಗೆ ಅಹಂಕಾರ ಇರಲಿಲ್ಲ ಎನ್ನಲಾಗದು. ಆದರೆ ಎಲೆಯ ಮುಂದೆ ಕೂತ, ಬಡಿಸಿದ್ದನ್ನು ಉಂಡ, ಏನೇನು ಬಡಿಸಿದರು, ಯಾರು ಹೇಗೆ ಕೂತರು ಎನ್ನುವುದನ್ನು ಗಮನವಿಟ್ಟು ಬರೆದ. ಇದು ಅಸಲಿ ಉಳ್ಳಾಲದ ಊಟವೋ ಎಂದು ಯಾರನ್ನೂ ಕೇಳಲಿಲ್ಲ.

ಟೂಟಿಂಗ್ ಹೈಸ್ಟ್ರೀಟಿನಲ್ಲಿ ಈಗ ಮಸಾಲೆದೋಸೆ ಹೇಳಿದರೆ ತಟ್ಟೆಯ ಪಕ್ಕ ಫೋರ್ಕೂ ಚಾಕುವೂ ತಾವಾಗಿಯೇ ಬಂದು ಕೂರುತ್ತವೆ. ಅವನ್ನು ಮುಟ್ಟಿದರೂ ಬಿಟ್ಟರೂ ಯಾರೂ ತಿರುಗಿ ನೋಡುವುದಿಲ್ಲ.